ಕಟ್ಟಡ ಉಳಿಯಿತು, ಗಾಡಿ ಎಲ್ಲಿ?

ಬೆಂಗಳೂರು–ಚಿಕ್ಕಬಳ್ಳಾಪುರ ಮಾರ್ಗದ ಹಳೇ ಸ್ಟೇಷನ್‌ಗಳ ಮಾತು ಬಂದರೆ ನಮ್ಮ ಮನೆಯಲ್ಲೇ ಮೂರು ಪಕ್ಷ. ಹೇಗಾದರೂ ಉಳಿಸಿಕೊಳ್ಳಬೇಕು ಅನ್ನುವವರು ಒಂದು ಕಡೆ. ಆ ಹಳೇ ಹೆಂಚು ಇಟ್ಕೊಂಡು ಏನು ಮಾಡೋದು ಅನ್ನುವವರು ಇನ್ನೊಂದು ಕಡೆ. ಅಮ್ಮನದು ಮೂರನೇ ಪಕ್ಷ: "ಮೊದಲು ಗಾಡಿ ನಿಲ್ಲಿಸ್ರಪ್ಪ." ಅಮ್ಮನ ತವರು ದೇವನಹಳ್ಳಿ ಹತ್ತಿರ. ಹಾಗಾಗಿ ಈ ಗೋಜಲನ್ನು ಬುಡದಿಂದ ಬಿಡಿಸೋಣ ಅನ್ನಿಸಿತು.

ಮದ್ರಾಸ್‌ನಿಂದ ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ. ಅದು ಕೋಲಾರ ಪಟ್ಟಣವನ್ನು ಮುಟ್ಟಲಿಲ್ಲ. ಬೌರಿಂಗ್‌ಪೇಟೆ, ಅಂದರೆ ಇವತ್ತಿನ ಬಂಗಾರಪೇಟೆ ಮೇಲೆ ಹಾದು ಹೋಯಿತು. ಜಿಲ್ಲೆಯ ಹೆಸರು ಹೊತ್ತ ಊರಿಗೆ ಸುಮಾರು ಐವತ್ತು ವರ್ಷ ರೈಲೇ ಇಲ್ಲ. ಕೊನೆಗೆ 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ, 1915ರಲ್ಲಿ ಯಶವಂತಪುರದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಸಣ್ಣ ಹಳಿ ಬಿತ್ತು. ಆಮೇಲೆ ಚಿಂತಾಮಣಿ ಕಡೆಯಿಂದ ಎರಡೂ ಕೂಡಿಕೊಂಡವು. ಆಗ ದಿವಾನರು ವಿಶ್ವೇಶ್ವರಯ್ಯ. ಅವರ ಮುದ್ದೇನಹಳ್ಳಿ ಇರೋದು ಚಿಕ್ಕಬಳ್ಳಾಪುರದ ಪಕ್ಕದಲ್ಲೇ. ಊರಿನ ಮಗ ಊರಿಗೆ ರೈಲು ತಂದ ಅಂತ ಜನ ಹೇಳಿಕೊಳ್ಳೋಕೆ ಇಷ್ಟು ಸಾಕಲ್ವಾ!

ಹಳಿಗಳ ನಡುವೆ ಎರಡೂವರೆ ಅಡಿ ಅಷ್ಟೇ. ಬ್ರಾಡ್ ಗೇಜ್‌ಗೆ, ಅಂದರೆ ಅಗಲ ಹಳಿಗೆ ಐದೂವರೆ ಅಡಿ ಬೇಕು. ಸಣ್ಣ ಹಳಿಗೆ ಖರ್ಚು ಕಡಿಮೆ, ಬಿಗಿಯಾದ ತಿರುವುಗಳೂ ಸಲೀಸು. ವೇಗ ಮಾತ್ರ ಕೇಳಬೇಡಿ. ಓಡುವ ಗಾಡಿಯಿಂದ ಇಳಿದು, ಹೊಲದಲ್ಲಿ ಅವರೆಕಾಯಿ ಕಿತ್ತು, ಮತ್ತೆ ಅದೇ ಗಾಡಿ ಹತ್ತುತ್ತಿದ್ದರು ಅಂತ ನಮ್ಮ ಮಾವ ಆಣೆ ಮಾಡಿ ಹೇಳ್ತಾರೆ. ಸಣ್ಣ ಗಾಡಿ ಇದ್ದ ಎಲ್ಲ ಊರಿನವರೂ ಇದೇ ಕಥೆ ಹೇಳ್ತಾರೆ ಅನ್ನೋದು ಬೇರೆ ಮಾತು.

ಅಮ್ಮನ ನೆನಪು ಇದಕ್ಕಿಂತ ನಂಬುವಂಥದ್ದು. ಅದು 1960ರ ದಶಕ, ಕಲ್ಲಿದ್ದಲ ಎಂಜಿನ್. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಕಿಡಿ, ಬಿಳಿ ರಿಬ್ಬನ್‌ಗೆ ಮಸಿ. ತಾತ ಬೆಂಗಳೂರಿನ ನೆಂಟರಿಗೆ ಗೋಣಿಚೀಲದಲ್ಲಿ ಚಕ್ಕೋತ ಒಯ್ಯುತ್ತಿದ್ದರು. ಒಂದು ಸಲ ಚೀಲದ ಬಾಯಿ ಬಿಚ್ಚಿಕೊಂಡಿತು. ತಿರುವು ಬಂದಾಗ ಹಣ್ಣುಗಳೆಲ್ಲ ಬೆಂಚಿನ ಕೆಳಗೆ ಒಂದು ಕಡೆಗೆ ಉರುಳುವುದು, ಇನ್ನೊಂದು ತಿರುವಿಗೆ ವಾಪಸ್ ಬರುವುದು. ಡಬ್ಬಿಯ ಜನವೆಲ್ಲ ಕಾಲು ಮೇಲೆತ್ತಿ ಕೂತಿದ್ದರಂತೆ. ಯಲಹಂಕ ಬರುವ ಹೊತ್ತಿಗೆ ಎರಡು ಹಣ್ಣು ಕಮ್ಮಿ. ಆ ಲೆಕ್ಕ ಅಮ್ಮ ಇವತ್ತಿಗೂ ಬಿಟ್ಟಿಲ್ಲ.

ಆಮೇಲಿನದು ಬೇಗ ಹೇಳಬಹುದು. ಬಳ್ಳಾರಿ ರಸ್ತೆಯಲ್ಲಿ ಬಸ್ಸು ಜಾಸ್ತಿ ಆದವು, ಗಾಡಿ ಖಾಲಿ ಓಡತೊಡಗಿತು. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆ ಬಂತು. ಆ ದಶಕದಲ್ಲೇ ಚಿಕ್ಕಬಳ್ಳಾಪುರದವರೆಗೆ ಬ್ರಾಡ್ ಗೇಜ್ ಆಯಿತು. ಅಲ್ಲಿಂದ ಕೋಲಾರದವರೆಗಿನ ಕೆಲಸ ಮುಗಿದಿದ್ದು 2013ಕ್ಕೆ. ಹಳಿ ಅಗಲವಾದರೆ ಗಾಡಿಗಳೂ ಜಾಸ್ತಿ ಆಗುತ್ತವೆ ಅಂದುಕೊಂಡಿದ್ದೆವು. ಆದರೆ ಎಷ್ಟೋ ಸಣ್ಣ ಸ್ಟೇಷನ್‌ಗಳು ಹಾಲ್ಟ್ ಆಗಿ ಉಳಿದವು. ಹಾಲ್ಟ್ ಅಂದರೆ ಸ್ಟೇಷನ್ ಮಾಸ್ಟರ್ ಇಲ್ಲ, ಸಿಗ್ನಲ್ ಇಲ್ಲ. ಟಿಕೆಟ್ ಇದ್ದರೂ ಕಮಿಷನ್ ಮೇಲೆ ಮಾರುವವರು. ಮಾಸ್ಟರ್ ಹೋದ ಮೇಲೆ ಬಾಗಿಲಿಗೆ ಬೀಗ, ಬೀಗದ ಮೇಲೆ ತುಕ್ಕು, ಹೆಂಚಿನ ಸಂದಿಯಲ್ಲಿ ಅರಳಿ ಸಸಿ. ಇದನ್ನು ಯಾರೂ ಬೇಕಂತ ಮಾಡಲಿಲ್ಲ. ನೋಡಿಕೊಳ್ಳೋದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೆ.

ಈ ಹಳಿ ಹೋಗುವ ದಾರಿಯ ಪಕ್ಕದಲ್ಲೇ 2008ರಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಗಾಗಿ ಒಂದು ಹಾಲ್ಟ್ ಬಂದಿದ್ದು 2021ರ ಜನವರಿಯಲ್ಲಿ. ಆಗ ಎಲ್ಲರ ಕಣ್ಣೂ ಈ ಮಾರ್ಗದ ಕಡೆ ತಿರುಗಿತು. ಪಾರಂಪರಿಕ ಕಟ್ಟಡಗಳ ಉಳಿವಿಗೆ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ ರೈಲ್ವೆ ಜೊತೆ ಸೇರಿ ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಹಾಲ್ಟ್‌ನ ಹಳೇ ಕಟ್ಟಡಗಳನ್ನು ಉಳಿಸುವ ಕೆಲಸಕ್ಕೆ ಕೈ ಹಾಕಿತು. ಇನ್ನೊಂದು ಕಡೆ ಬೆಂಗಳೂರನ್ನು ಸುತ್ತಲಿನ ಊರುಗಳಿಗೆ ಜೋಡಿಸುವ ಉಪನಗರ ರೈಲು ಯೋಜನೆ. 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕ ಅದರ ನಾಲ್ಕು ಮಾರ್ಗಗಳಲ್ಲಿ ಒಂದು ದೇವನಹಳ್ಳಿಗೇ ಬರಬೇಕು. ಹೆಂಚಿಗೆ ಕಾಸು ಹುಟ್ಟಿದೆ, ಹಳಿಗೆ ನಕ್ಷೆ ಸಿದ್ಧವಾಗಿದೆ. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರಲು ಸಾಕಾಗುವಷ್ಟು ಗಾಡಿ ಮಾತ್ರ ಇನ್ನೂ ಇಲ್ಲ.

ಹೋದ ವರ್ಷ ಅಮ್ಮನನ್ನು ದುರಸ್ತಿಯಾದ ಒಂದು ಸ್ಟೇಷನ್‌ಗೆ ಕರೆದುಕೊಂಡು ಹೋಗಿದ್ದೆ. ಜಗುಲಿಯಲ್ಲಿ ಮದುವೆ ಮುಂಚಿನ ಫೋಟೋಶೂಟ್ ನಡೆಯುತ್ತಿತ್ತು. ಅಮ್ಮ ಟಿಕೆಟ್ ಕಿಂಡಿಯ ಕಟ್ಟೆ ಮೇಲೆ ಕೈಯಾಡಿಸಿದರು. ಚಿಕ್ಕವರಿದ್ದಾಗ ಅದು ಎಟುಕುತ್ತಲೇ ಇರಲಿಲ್ಲವಂತೆ. ಆಮೇಲೆ ಕ್ಯಾಮೆರಾದ ಹುಡುಗನನ್ನು ಕೇಳಿದರು, "ಮುಂದಿನ ಗಾಡಿ ಎಷ್ಟೊತ್ತಿಗಪ್ಪಾ?"

ಅವನಿಗೆ ಗೊತ್ತಿರಲಿಲ್ಲ. ನಾವು ಹೋಗಿದ್ದೂ ಕಾರಿನಲ್ಲೇ.