ಕ್ರಿಯಾಪದದ ಪಟ್ಟಿ ಬಾಯಿಪಾಠವಾದ ಮೇಲೂ

ಇಂಗ್ಲಿಷ್ ಕಲಿಯಲು ಬರುವ ವಯಸ್ಕರಲ್ಲಿ ಬಹಳ ಮಂದಿಗೆ ‘ಗೋ, ವೆಂಟ್, ಗಾನ್’ ಮಗ್ಗಿಯಂತೆ ಬರುತ್ತದೆ. ಅವರೇ ಮಾತಿಗೆ ನಿಂತಾಗ ‘ಐ ಡಿಡ್ ನಾಟ್ ವೆಂಟ್’ ಎನ್ನುತ್ತಾರೆ. ರೂಪ ಗೊತ್ತಿಲ್ಲವೆಂದು ಆಗುವ ತಪ್ಪಲ್ಲ ಇದು. ಶಾಲೆಯಲ್ಲಿ ಈ ಮೂರು ರೂಪಗಳನ್ನು ವಿ-ಒನ್, ವಿ-ಟು, ವಿ-ಥ್ರೀ ಎಂದು ಒಪ್ಪಿಸಿದ್ದಾರೆ. ಯಾವುದನ್ನು ಎಲ್ಲಿ ಬಳಸಬೇಕೆಂದು ಯಾರೂ ರೂಢಿ ಮಾಡಿಸಿಲ್ಲ.

ಆದ್ದರಿಂದ ನಾನು ಪಟ್ಟಿ ಒಪ್ಪಿಸಿಕೊಳ್ಳುವುದಿಲ್ಲ. ಒಂದು ವಾಕ್ಯ ಕೊಟ್ಟು ತಿರುಗಿಸಲು ಹೇಳುತ್ತೇನೆ. ‘ಶಿ ಬಾಟ್ ರೈಸ್’ ಎಂಬುದನ್ನು ನಿಷೇಧ ಮಾಡಿ: ‘ಶಿ ಡಿಡ್ ನಾಟ್ ಬೈ ರೈಸ್’. ಪ್ರಶ್ನೆ ಮಾಡಿ: ‘ಡಿಡ್ ಶಿ ಬೈ ರೈಸ್?’ ‘ಎವ್ರಿ ಮಂತ್’ ಸೇರಿಸಿ: ‘ಶಿ ಬೈಸ್ ರೈಸ್ ಎವ್ರಿ ಮಂತ್’. ಭೂತಕಾಲವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ‘ಬಾಟ್’ ಮತ್ತೆ ‘ಬೈ’ ಆಗುತ್ತದೆ ಎಂಬುದು ಹತ್ತು ವಾಕ್ಯ ಬಾಯಿಬಿಟ್ಟು ತಿರುಗಿಸಿದರೆ ನಾಲಿಗೆಗೇ ತಿಳಿಯುತ್ತದೆ. ಬರೆದು ಮಾಡಿದರೆ ಇಷ್ಟು ಬೇಗ ಹತ್ತುವುದಿಲ್ಲ. ಬರೆಯುವಾಗ ಯೋಚಿಸಲು ಬಿಡುವಿರುತ್ತದೆ, ಮಾತಿನಲ್ಲಿ ಇರುವುದಿಲ್ಲ.

ಕನ್ನಡಿಗರಿಗೇ ಅಂಟಿಕೊಂಡ ಇನ್ನೊಂದು ತೊಡಕು ಹೆಚ್ಚು ಹಠಮಾರಿ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎನ್ನುವುದು ನಮಗೆ ಸಹಜ. ಹೋಗಿ ಬಂದದ್ದನ್ನೂ ಹಾಗೆಯೇ ಹೇಳುತ್ತೇವೆ. ಅದನ್ನೇ ಇಂಗ್ಲಿಷಿಗೆ ಸಾಗಿಸಿದಾಗ ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ’ ಹುಟ್ಟುತ್ತದೆ. ಅಲ್ಲಿ ‘ಐ ವೆಂಟ್’ ಸಾಕು. ‘ಹ್ಯಾಡ್’ ಬಂತೆಂದರೆ ಕೇಳುವವನು ಎರಡನೆಯ ಘಟನೆಗೆ ಕಾಯುತ್ತಾನೆ: ‘ವೆನ್ ಐ ಗಾಟ್ ಟು ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್’. ಎರಡೂ ನಡೆದು ಮುಗಿದವೇ. ಮೊದಲು ನಡೆದದ್ದಕ್ಕೆ ‘ಹ್ಯಾಡ್’. ‘ನಿನ್ನೆ ಅವರನ್ನು ನೋಡಿದ್ದೇನೆ’ ಎಂಬುದೂ ಇದೇ ದಾರಿ ಹಿಡಿದು ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಆಗುತ್ತದೆ. ಮುಗಿದ ಕಾಲವನ್ನು ಹೆಸರಿಸಿದ ಮೇಲೆ, ಅದು ‘ಯೆಸ್ಟರ್‌ಡೇ’ ಇರಲಿ, ‘ಟೂ ಡೇಸ್ ಅಗೋ’ ಇರಲಿ, ‘ಇನ್ 2019’ ಇರಲಿ, ‘ಹ್ಯಾವ್’ ನಿಲ್ಲುವುದಿಲ್ಲ. ಕ್ರಿಯಾಪದಕ್ಕಿಂತ ಮೊದಲು ಕಾಲಸೂಚಕ ಪದವನ್ನು ಹುಡುಕುವ ಅಭ್ಯಾಸ ಮಾಡಿಸುವುದು ಇದಕ್ಕಾಗಿಯೇ.

ಅನಿಯಮಿತ ಕ್ರಿಯಾಪದಗಳನ್ನು, ಅಂದರೆ ಕೊನೆಗೆ ‘-ed’ ಸೇರಿಸಿ ಭೂತಕಾಲ ಮಾಡಲಾಗದವನ್ನು, ಅಕಾರಾದಿಯಾಗಿ ಕಲಿಸುವುದು ನನ್ನ ದೃಷ್ಟಿಯಲ್ಲಿ ದಂಡ. ದನಿ ಹೊಂದುವವನ್ನು ಜೊತೆಗೂಡಿಸಿ: ಸಿಂಗ್–ಸ್ಯಾಂಗ್–ಸಂಗ್ ಪಕ್ಕಕ್ಕೆ ರಿಂಗ್, ಡ್ರಿಂಕ್, ಸ್ವಿಮ್, ಬಾಟ್ ಜೊತೆಗೆ ಬ್ರಾಟ್, ಥಾಟ್, ಟಾಟ್, ಕಾಟ್, ಬದಲಾಗದ ಕಟ್, ಪುಟ್, ಹಿಟ್ ಬೇರೆ. ‘ಬ್ರಿಂಗ್’ ಮಾತ್ರ ‘ಸಿಂಗ್’ ಗುಂಪಿನದೆಂದು ನಟಿಸಿ ಮೋಸ ಮಾಡುತ್ತದೆ; ಅದರ ಭೂತರೂಪ ‘ಬ್ರಾಟ್’. ಇನ್ನು ‘ಬಿ’, ‘ಹ್ಯಾವ್’, ‘ಡೂ’, ‘ಸೇ’, ‘ಗೋ’, ‘ಗೆಟ್’ ಮೊದಲಾದವು ಅನಿಯಮಿತವಾದರೂ ಅತಿ ಬಳಕೆಯವು. ಮೊದಲ ತಿಂಗಳು ಅವಷ್ಟೇ ಸಾಕು. ನೂರಾರು ಪದಗಳ ಚಾರ್ಟು ಗೋಡೆಯ ಮೇಲೆ ಇರಲಿ.

ನಿಯಮಿತ ಕ್ರಿಯಾಪದಗಳಲ್ಲಿ ಕಾಗುಣಿತ ನೋಡಿ ಓದುವ ನಮ್ಮ ರೂಢಿ ಕೈಕೊಡುತ್ತದೆ. ‘ವಾಕೆಡ್’, ‘ಆಸ್ಕೆಡ್’ ಎನ್ನುತ್ತಾರೆ. ಮೂಲ ಪದದ ಕೊನೆಯ ಸದ್ದು ಟ್ ಅಥವಾ ಡ್ ಆಗಿದ್ದರೆ ಮಾತ್ರ ಹೆಚ್ಚಿನ ಸ್ವರ: ವಾಂಟಿಡ್, ನೀಡಿಡ್. ಉಳಿದಂತೆ ವಾಕ್ಟ್, ಆಸ್ಕ್ಟ್, ಪ್ಲೇಡ್. ವಾರಕ್ಕೊಮ್ಮೆ ಫೋನಿನಲ್ಲಿ ನಿಮ್ಮದೇ ದನಿ ಮುದ್ರಿಸಿ ಕೇಳಿ. ನಾನು ತಿದ್ದುವುದಕ್ಕಿಂತ ಚುರುಕಾಗಿ ಅದು ತಿದ್ದುತ್ತದೆ.