ಎರಡೂವರೆ ಸಾವಿರ ಪಿಂಚಣಿಯಲ್ಲಿ ಸುಮ್ಮನೆ ಕೂರಬಹುದೇ?

ಪ್ರಶ್ನೆ: ನನಗೆ 60 ತುಂಬಿತು. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಸ್ವಂತದ ಒಂದು ಕೋಣೆ ಇದೆ. ಭವಿಷ್ಯನಿಧಿಯ ಪಿಂಚಣಿ 2,500 ರೂಪಾಯಿ. ವಾಚ್‌ಮನ್ ಕೆಲಸಕ್ಕಾದರೂ ಸೇರಿ ಎಂದು ಮಗ ಹೇಳುತ್ತಾನೆ. ನನಗೆ ಮನಸ್ಸಿಲ್ಲ. ಸರ್ಕಾರದ ನೆರವಿನಲ್ಲೇ ನಾವು ಗಂಡ ಹೆಂಡತಿ ಬದುಕಬಹುದೇ?

ಉತ್ತರ: ಬರೀ ನೆರವಿನಲ್ಲಿ ಆಗದು. ಸೂರು ನಿಮ್ಮದೇ ಆಗಿರುವುದರಿಂದ, ಕೈಯಲ್ಲಿ ಸ್ವಲ್ಪ ಗಂಟೂ ಇದ್ದರೆ ಆಗುತ್ತದೆ. ಬಾಡಿಗೆ ಮನೆಯವರು ಇದನ್ನು ಓದಿ ಕೆಲಸ ಬಿಡಬೇಡಿ.

ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆ ತಿಂಗಳಿಗೆ 1,500 ರೂಪಾಯಿ ಕೊಡುತ್ತದೆ. ಅದಕ್ಕೆ 65 ವರ್ಷ ಆಗಿರಬೇಕು, ಕುಟುಂಬದ ವಾರ್ಷಿಕ ಆದಾಯ 21,000 ದಾಟಿರಬಾರದು. ನಿಮ್ಮ ಪಿಂಚಣಿಯೇ ವರ್ಷಕ್ಕೆ 30,000. ಅಲ್ಲಿಗೆ ಸರ್ಕಾರದ ಕಣ್ಣಿಗೆ ನೀವು ಅನುಕೂಲಸ್ಥರು! ಪಡಿತರಕ್ಕೆ ನಗರದಲ್ಲಿ ಮಿತಿ 59,000. ಆದ್ಯತೆಯ ಪಟ್ಟಿಯಲ್ಲಿ ಹೆಸರಿದ್ದರೆ ತಲೆಗೆ 5 ಕಿಲೋ ಧಾನ್ಯ, 2023ರಿಂದ ಪುಕ್ಕಟೆ. ಹೆಸರು ಊರಿನ ಕಾರ್ಡಿನಲ್ಲೇ ಉಳಿದಿದ್ದರೂ ಇಲ್ಲಿನ ಅಂಗಡಿಯಲ್ಲಿ ಬೆರಳೊತ್ತಿ ಪಡೆಯಬಹುದು. ನಾನು ನಿಧಿಯ 6 ಲಕ್ಷವನ್ನು ಅಂಚೆಯ ಹಿರಿಯ ನಾಗರಿಕರ ಯೋಜನೆಯಲ್ಲಿ ಶೇ. 8.2ರ ಬಡ್ಡಿಗೆ ಇಟ್ಟೆ. ಮೂರು ತಿಂಗಳಿಗೊಮ್ಮೆ 12,300 ಬರುತ್ತದೆ. ಬಡ್ಡಿ ಬಂತು, ಆದಾಯ ಮಿತಿ ದಾಟಿ ಪಡಿತರ ಹೋಯಿತು.

ಪಿಂಚಣಿ ತೆಗೆದುಕೊಳ್ಳಲು ಸಂಕೋಚ ಬೇಡ. ಅದು ಬಹುಮಟ್ಟಿಗೆ ನಿಮ್ಮ ದುಡಿಮೆಯ ಲೆಕ್ಕದಲ್ಲಿ ಮಾಲೀಕರು ಕಟ್ಟಿದ ಶೇ. 8.33ರ ಫಲ.

ಮಗನಿಗೆ ಏನು ಹೇಳುವುದು? ನನ್ನ ಮಗನಿಗೆ ನಾನು ಹೇಳಿದ್ದು ಇಷ್ಟು. ಡೊಂಬಿವಲಿಯಿಂದ ಮುಂಬೈನ ಕೋಟೆ (ಫೋರ್ಟ್) ಪ್ರದೇಶದ ಕಚೇರಿಗೆ ಹೋಗಿಬರಲು ಲೋಕಲ್ ರೈಲಿನಲ್ಲಿ ದಿನಕ್ಕೆ ಎರಡೂವರೆ ಗಂಟೆ. ವರ್ಷಕ್ಕೆ 300 ದಿನದಂತೆ 30 ವರ್ಷ. ನಿವೃತ್ತನಾದ ವಾರ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು ಕೂಡಿಸಿದೆ: 22,500 ಗಂಟೆ. ಹಗಲು ರಾತ್ರಿ ಸೇರಿಸಿದರೆ ಎರಡೂವರೆ ವರ್ಷಕ್ಕೂ ಮಿಗಿಲು, ಅದೂ ಬಹುಪಾಲು ಪರರ ಬೆವರಿಗೆ ಮೂಗು ಕೊಟ್ಟು ನಿಂತೇ. ಮಗ ಆ ಹಾಳೆಯನ್ನು ನೋಡಿ ಮಾತಾಡಲಿಲ್ಲ. ಅವನೂ ಈಗ 7.42ರ ಗಾಡಿಯವನು.

ಆದರೆ ಪುರುಸೊತ್ತು ಎಂದರೆ ಕಾಲು ಚಾಚಿ ಮಲಗುವುದು ಎಂದುಕೊಳ್ಳಬೇಡಿ. ದುಡ್ಡು ಕೊಟ್ಟು ಕೊಳ್ಳುತ್ತಿದ್ದುದನ್ನು ಹೊತ್ತು ಕೊಟ್ಟು ಮಾಡಿಕೊಳ್ಳಬೇಕಾಗುತ್ತದೆ. ದೋಸೆಹಿಟ್ಟಿನ ಪೊಟ್ಟಣ ನಿಂತಿದೆ. ರುಬ್ಬುವುದು ನನ್ನ ಪಾಲಿನ ಕೆಲಸ. ರಾತ್ರಿ ಒಂಬತ್ತಕ್ಕೆ ಸಂತೆಗೆ ಹೋದರೆ ಉಳಿದ ಸೊಪ್ಪಿನ ಕಟ್ಟುಗಳನ್ನು ಅರ್ಧ ಬೆಲೆಗೆ ಕೈಗಿಡುತ್ತಾರೆ. ಹೀರೇಕಾಯಿ ತಂದರೆ ಸಿಪ್ಪೆಯೂ ಚಟ್ನಿಯಾಗುತ್ತದೆ. ಫ್ರಿಜ್ ಕೆಟ್ಟು ಮೂರು ವರ್ಷವಾಯಿತು, ಅದೀಗ ಬಟ್ಟೆಯ ಕಪಾಟು. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕವೋ ಉಪನ್ಯಾಸವೋ ಇದ್ದ ದಿನ ಮಧ್ಯಾಹ್ನದ ಖಾಲಿ ಗಾಡಿಯಲ್ಲಿ, ಕಿಟಕಿಯ ಪಕ್ಕ ಕುಳಿತು ಹೋಗುತ್ತೇವೆ.

ನನಗಿರುವ ಭಯ ಕಾಯಿಲೆಯದು. ಆಯುಷ್ಮಾನ್ ಯೋಜನೆಯಲ್ಲಿ ಆದಾಯ ಕೇಳದೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುವುದು 70ರ ನಂತರ. ಅಲ್ಲಿಯವರೆಗೆ ಮಹಾರಾಷ್ಟ್ರದ ಮಹಾತ್ಮಾ ಫುಲೆ ಜನಾರೋಗ್ಯ ಯೋಜನೆ ಇದೆ, ಆದರೆ ಅದರ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗಷ್ಟೇ. ಉಳಿದದ್ದಕ್ಕೆ ಸರ್ಕಾರಿ, ಪಾಲಿಕೆ ಆಸ್ಪತ್ರೆಗಳೇ ಗತಿ. ಒಂದು ಚೀಟಿಗೆ ಒಂದು ಬೆಳಗು ಹೋಗುತ್ತದೆ. ಆಪತ್ತಿಗೆಂದು ಮುಟ್ಟದ ಗಂಟೊಂದು ಇಲ್ಲದಿದ್ದರೆ ಮಗನ ಮಾತು ಕೇಳಿ, ಒಂದೆರಡು ವರ್ಷ ದುಡಿಯಿರಿ.

ಇನ್ನೊಂದು ಮಾತು. ಪಿಂಚಣಿಗೆ ಕೊಡುವ ಜೀವಂತ ಪ್ರಮಾಣಪತ್ರಕ್ಕಾಗಿ ನವೆಂಬರಿನ ಸಾಲಿನಲ್ಲಿ ನಿಲ್ಲಬೇಡಿ. ಭವಿಷ್ಯನಿಧಿಯವರಿಗೆ ಅದನ್ನು ಯಾವ ತಿಂಗಳಲ್ಲಾದರೂ ಕೊಡಬಹುದು, ಒಂದು ವರ್ಷ ನಡೆಯುತ್ತದೆ. ಮೊಬೈಲಿಗೆ ಮುಖ ತೋರಿಸಿದರೂ ಸಾಕು.