ರೋಹ್ನಾ: ಮುಂಬೈ ತಲುಪದ ಸೈನಿಕರ ಹಡಗು

ಎರಡನೇ ಮಹಾಯುದ್ಧವನ್ನು ಓದುವಾಗ ಯುದ್ಧನೌಕೆಗಳ ಹೆಸರು ನಮಗೆ ಬಾಯಿಪಾಠವಾಗುತ್ತದೆ. ಸೈನಿಕರನ್ನು ಹೊತ್ತು ಸಾಗಿದ ಹಡಗುಗಳು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಆ ಸಾಲಿನಲ್ಲಿ ಅಡಗಿರುವ ಒಂದು ಹಡಗನ್ನು ಇಲ್ಲಿ ಬಿಡಿಸಿ ನೋಡೋಣ.

ಮೊದಲು ಒಂದು ಗೊಂದಲ ಪರಿಹರಿಸಿಕೊಳ್ಳಬೇಕು. ರೋಹ್ನಾ ನೌಕಾಪಡೆಗಾಗಿ ಕಟ್ಟಿದ ಹಡಗಲ್ಲ. ಅದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಪ್ರಯಾಣಿಕರ ಹಡಗು, 1926ರಲ್ಲಿ ಇಂಗ್ಲೆಂಡಿನಲ್ಲಿ ನಿರ್ಮಾಣವಾದದ್ದು. ಯುದ್ಧ ಬಂದಾಗ ಸರ್ಕಾರ ಅದನ್ನು ಸೈನಿಕ ಸಾಗಣೆಗೆ ತೆಗೆದುಕೊಂಡಿತು. ನಡೆಸುವವರು ಕಂಪನಿಯ ನಾವಿಕರೇ ಆಗಿದ್ದರು. ಅಧಿಕಾರಿಗಳು ಬ್ರಿಟನ್ ಮತ್ತಿತರ ಕಡೆಯವರು, ಖಲಾಸಿಗಳು ಬಹುಪಾಲು ಭಾರತೀಯರು. ಇಂಥ ನಾವಿಕರನ್ನು ದಾಖಲೆಗಳು 'ಲಾಸ್ಕರ್' ಎನ್ನುತ್ತವೆ. ಅವರ ಮುಖ್ಯಸ್ಥ ಸೆರಾಂಗ್, ಅವನ ಕೆಳಗಿನವನು ಟಿಂಡಲ್. ನಮ್ಮ ಕರಾವಳಿಯಲ್ಲಿ ಕೇಳುವ 'ತಾಂಡೇಲ' ಎಂಬುದೂ ಇದೇ ಪದ. ಬ್ರಿಟಿಷ್ ನಾವಿಕನಿಗಿಂತ ಬಹಳ ಕಡಿಮೆ ಕೂಲಿಗೆ ಇವರು ಅದೇ ಕಡಲಿನ ಅಪಾಯವನ್ನು ಎದುರಿಸುತ್ತಿದ್ದರು.

1943ರ ನವೆಂಬರ್‌ನಲ್ಲಿ ಸುಮಾರು 2,000 ಅಮೆರಿಕನ್ ಸೈನಿಕರನ್ನು ಹತ್ತಿಸಿಕೊಂಡು ರೋಹ್ನಾ ಅಲ್ಜೀರಿಯಾದ ಓರಾನ್‌ನಿಂದ ಹೊರಟಿತು. ಸೂಯೆಜ್ ದಾಟಿ ಮುಂಬೈಗೆ, ಅಲ್ಲಿಂದ ಸೈನಿಕರು ಚೀನಾ–ಬರ್ಮಾ–ಭಾರತ ರಣರಂಗಕ್ಕೆ ಎಂಬುದು ಯೋಜನೆ. ನವೆಂಬರ್ 26ರ ಸಂಜೆ ಜರ್ಮನ್ ವಿಮಾನಗಳು ಹಡಗುಗಳ ಸಾಲಿನ ಮೇಲೆ ಎರಗಿದವು. ರೋಹ್ನಾಕ್ಕೆ ಬಡಿದದ್ದು ಸಾಮಾನ್ಯ ಬಾಂಬಲ್ಲ, ಹೆನ್ಶೆಲ್ 293: ರೆಕ್ಕೆಯುಳ್ಳದ್ದು, ಸ್ವಂತ ರಾಕೆಟ್ ಹೊಂದಿದ್ದು. ವಿಮಾನದಲ್ಲಿ ಕುಳಿತವನು ಅದರ ಬಾಲದ ಬೆಳಕನ್ನು ನೋಡುತ್ತ, ಪುಟ್ಟ ಹಿಡಿಕೆಯೊಂದನ್ನು ಆಡಿಸಿ ರೇಡಿಯೊ ಮೂಲಕ ಅದನ್ನು ಗುರಿಗೆ ಒಯ್ಯುತ್ತಿದ್ದ. ಇಂದಿನ ಹಡಗು ನಿರೋಧಕ ಕ್ಷಿಪಣಿಯ ಪೂರ್ವಜ ಇದು. ಬಾಂಬು ಎಡಪಕ್ಕದಲ್ಲಿ, ಎಂಜಿನ್ ಕೋಣೆಯ ಬಳಿ ಸಿಡಿಯಿತು.

ಹಡಗು ಮುಳುಗಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಹಾಗಿದ್ದೂ ಅಷ್ಟು ಜನ ಸತ್ತದ್ದೇಕೆ? ನನ್ನ ದೃಷ್ಟಿಯಲ್ಲಿ ಈ ಪಾಠದ ಜೀವಾಳ ಈ ಪ್ರಶ್ನೆಯೇ. ಜೀವರಕ್ಷಕ ದೋಣಿಗಳಲ್ಲಿ ಕೆಲವು ಸ್ಫೋಟದಲ್ಲೇ ನಾಶವಾದವು, ಕೆಲವು ತುಕ್ಕು ಹಿಡಿದು ಇಳಿಯಲೇ ಇಲ್ಲ, ಇಳಿದವು ಜನ ತುಂಬಿ ಮಗುಚಿದವು. ಸೈನಿಕರ ಬಳಿ ಗಾಳಿ ತುಂಬಿಕೊಳ್ಳುವ ರಬ್ಬರ್ ಪಟ್ಟಿಗಳಿದ್ದವು. ಅವನ್ನು ಕಂಕುಳ ಕೆಳಗೆ ಕಟ್ಟಬೇಕಿತ್ತು. ಸೊಂಟಕ್ಕೆ ಕಟ್ಟಿಕೊಂಡವರನ್ನು ಅದೇ ಪಟ್ಟಿ ತಲೆಕೆಳಗಾಗಿಸಿತು. ಕಾಲು ನೀರಿನ ಮೇಲೆ, ಮುಖ ನೀರಿನೊಳಗೆ. ಅದರ ಜೊತೆಗೆ ಎತ್ತರದ ಅಲೆ, ಕವಿಯುತ್ತಿದ್ದ ಕತ್ತಲು. ಅಮೆರಿಕದ ಪಯೋನಿಯರ್ ಎಂಬ ಸಣ್ಣ ಹಡಗು ಒಂದೇ 606 ಮಂದಿಯನ್ನು ಮೇಲೆತ್ತಿತು.

ಸತ್ತವರು 1,100ಕ್ಕೂ ಹೆಚ್ಚು. ಅವರಲ್ಲಿ 1,015 ಮಂದಿ ಅಮೆರಿಕನ್ನರು. ಹೊಸ ಅಸ್ತ್ರದ ಯಶಸ್ಸು ಶತ್ರುವಿಗೆ ತಿಳಿಯಬಾರದೆಂದು ವಿವರಗಳನ್ನು ಮುಚ್ಚಿಡಲಾಯಿತು. ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಅನೇಕ ಕುಟುಂಬಗಳಿಗೆ ಮಗ ಹೇಗೆ ಸತ್ತನೆಂಬುದು ಗೊತ್ತಾಗಲಿಲ್ಲ.

ಸಿಬ್ಬಂದಿಯಲ್ಲಿ ಸತ್ತವರೂ ನೂರಕ್ಕೂ ಹೆಚ್ಚು. ಬದುಕಿ ಬಂದ ಕೆಲವು ಸೈನಿಕರು ಖಲಾಸಿಗಳು ತಮ್ಮ ಪ್ರಾಣವನ್ನಷ್ಟೇ ನೋಡಿಕೊಂಡರೆಂದು ದೂರಿದರು. ಆ ದೂರನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳುವಾಗ ಪಕ್ಕದಲ್ಲೇ ಈ ಸಾವಿನ ಸಂಖ್ಯೆಯನ್ನೂ ಬರೆದುಕೊಳ್ಳಿ: ಸಿಬ್ಬಂದಿ ಇದ್ದದ್ದೇ ಸುಮಾರು 195 ಮಂದಿ. ಸೈನಿಕರ ಹೇಳಿಕೆಗಳು ನಮಗೆ ಸಿಗುತ್ತವೆ. ಕಡಲಲ್ಲಿ ಕಣ್ಮರೆಯಾದ ಭಾರತೀಯ ನಾವಿಕರನ್ನು ಹುಡುಕಬೇಕಾದರೆ ಮುಂಬೈ ಮತ್ತು ಚಿತ್ತಗಾಂಗ್ ಯುದ್ಧ ಸ್ಮಾರಕಗಳ ಹೆಸರಿನ ಪಟ್ಟಿಯನ್ನು ತೆರೆಯಬೇಕು.